ಪ್ರತಿಭೆಗೆ ಗೌರವ, ಮಾತಿಗೆ ಪರೀಕ್ಷೆ

ದೊಡ್ಡವರು ಹೇಳಿದ್ದೆಲ್ಲ ನಿಜವೇ? ಅಮೆರಿಕದ ಜೀವರಸಾಯನ ವಿಜ್ಞಾನಿ ಕ್ಯಾರಿ ಮಲ್ಲಿಸ್ (1944-2019) ಅವರ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1983ರ ಒಂದು ರಾತ್ರಿ ಕ್ಯಾಲಿಫೋರ್ನಿಯದಲ್ಲಿ ಕಾರು ಓಡಿಸುತ್ತಿದ್ದಾಗ ಅವರಿಗೆ ಪಿ.ಸಿ.ಆರ್. ವಿಧಾನ ಹೊಳೆಯಿತು. ಡಿ.ಎನ್.ಎ.ಯ ಒಂದು ತುಣುಕು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತುಗಳಲ್ಲಿ ನೂರು ಕೋಟಿ ಮೀರುತ್ತದೆ. ಇದಕ್ಕಾಗಿ 1993ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಅದೇ ಮಲ್ಲಿಸ್, ಏಡ್ಸ್ ರೋಗಕ್ಕೆ ಎಚ್.ಐ.ವಿ. ಕಾರಣವಲ್ಲವೆಂದು ವಾದಿಸಿದರು. ಅದು ಅವರು ಸಂಶೋಧನೆ ನಡೆಸಿದ ಕ್ಷೇತ್ರವಲ್ಲ. ಪುರಾವೆಗಳೂ ಅವರ ಮಾತಿಗೆ ವಿರುದ್ಧವಾಗಿದ್ದವು. ಇಂಥ ಮಾತು ನಂಬಿ ಔಷಧಿ ಬಿಟ್ಟವರು ಪ್ರಾಣ ಕಳೆದುಕೊಂಡಿದ್ದಾರೆ. ವಿಚಿತ್ರವೆಂದರೆ, ಎಚ್.ಐ.ವಿ. ಇರುವ ತಾಯಿಯ ಹಸುಗೂಸಿಗೂ ಸೋಂಕು ತಗುಲಿದೆಯೇ ಎಂದು ತಿಳಿಸುವುದು ಅವರದೇ ವಿಧಾನದ ಪರೀಕ್ಷೆ!

ಹಾಗೆಂದು ಅವರ ಸಾಧನೆಯನ್ನು ಅಲ್ಲಗಳೆಯಬೇಡಿ. ಆದರೆ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ, ‘ಇಂಥ ದೊಡ್ಡವರೇ ಹೇಳಿದ್ದಾರೆ’ ಎಂದು ಔಷಧಿ ನಿಲ್ಲಿಸುವ ಮುನ್ನ ಕೇಳಿಕೊಳ್ಳಿ: ಈ ವಿಷಯವನ್ನು ಅವರು ಬಲ್ಲರೇ? ಹೇಳಿದ್ದಕ್ಕೆ ಆಧಾರವೇನು? ಈ ಎರಡು ಪ್ರಶ್ನೆಗಳನ್ನು ನಿಮ್ಮ ಮಕ್ಕಳಿಗೂ ಕಲಿಸಿ.