ರಜೆಯ ಖರ್ಚನ್ನು ಗಂಟೆಯಲ್ಲಿ ಅಳೆಯೋಣ

ಸಂಬಳದ ಮೇಲೆ ನಡೆಯುವ ಮನೆಗಳಲ್ಲಿ ಬೇಸಿಗೆ ರಜೆಯ ಖರ್ಚಿಗೆ ನಿಜವಾದ ಎದುರಾಳಿ ಜೂನ್ ತಿಂಗಳು. ಮಕ್ಕಳು ಅಜ್ಜಿ ಮನೆಯಿಂದ ಬಂದು ಚೀಲ ಬಿಚ್ಚುವಷ್ಟರಲ್ಲಿ ಶಾಲೆಯ ಮೊದಲ ಕಂತು, ಪುಸ್ತಕ, ಸಮವಸ್ತ್ರ, ಶೂ, ವ್ಯಾನಿನ ಮುಂಗಡ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದಿರುತ್ತವೆ. ಏಪ್ರಿಲ್‌ನಲ್ಲಿ ಕೈಬಿಚ್ಚಿ ಖರ್ಚು ಮಾಡಿದ ಮನೆ ಜೂನ್‌ನಲ್ಲಿ ಸಾಲಕ್ಕೆ ಕೈಚಾಚುತ್ತದೆ. ಜೂನ್‌ಗೆ ಹೆದರಿ ಏಪ್ರಿಲ್‌ನಲ್ಲಿ ಕೈ ಬಿಗಿಹಿಡಿದ ಮನೆಯಲ್ಲಿ ಮಕ್ಕಳು ಏಳು ವಾರ ಫೋನಿನ ಮುಂದೆ ಕೂರುತ್ತಾರೆ. ಇವೆರಡರ ನಡುವೆ ಒಂದು ದಾರಿಯಿದೆ ಎಂಬುದು ಮೈಸೂರಿನಲ್ಲಿ ಎರಡು ಮಕ್ಕಳನ್ನು ಬೆಳೆಸುತ್ತಿರುವ ನನ್ನ ಅನುಭವ.

ಆ ದಾರಿ ಶುರುವಾಗುವುದು ಅಳತೆಗೋಲಿನಿಂದ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ರಾಜ್ಯದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಅಂದರೆ ಸುಮಾರು ಏಳು ವಾರ. ದಿನಕ್ಕೊಂದು ಗಂಟೆಯಂತೆ ಹಿಡಿದರೆ ಒಂದು ಮಗುವಿಗೆ 48 ಗಂಟೆಯ ಓಟ, ಜಿಗಿತ, ಈಜು, ನಡಿಗೆ ಬೇಕು. ರಜೆಗೆಂದು ಎತ್ತಿಟ್ಟ ಹಣ ಈ 48 ಗಂಟೆಗಳನ್ನು ಎಷ್ಟು ತುಂಬಿತು ಎಂಬುದೇ ನನ್ನ ಲೆಕ್ಕ. ಎಲ್ಲಿಗೆ ಹೋದೆವು, ಎಷ್ಟು ದೂರ ಹೋದೆವು, ಎಷ್ಟು ಫೋಟೊ ಬಂದವು ಎಂಬುದಕ್ಕೆ ಈ ಲೆಕ್ಕದಲ್ಲಿ ಅಂಕವಿಲ್ಲ.

ದೊಡ್ಡ ವಾಟರ್ ಪಾರ್ಕ್‌ಗಳನ್ನು ಈ ಗೋಲಿನಿಂದ ಅಳೆದು ನೋಡಿ. ಟಿಕೆಟ್ಟೇ ತಲೆಗೆ ಸಾವಿರ ದಾಟುತ್ತದೆ. ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ ನಿಗದಿಯಾಗುವ ಕಡೆ ಹತ್ತು ವರ್ಷದ ಎತ್ತರದ ಹುಡುಗಿಗೂ ದೊಡ್ಡವರ ದರವೇ. ಓಡಾಟ, ಊಟ, ಲಾಕರ್, ಈಜುಡುಗೆ ಸೇರಿಸಿದರೆ ನಾಲ್ವರ ಕುಟುಂಬಕ್ಕೆ ಆರೇಳು ಸಾವಿರ ರೂಪಾಯಿ ಸುಲಭವಾಗಿ ಕರಗುತ್ತದೆ. ಸಾಲಿನಲ್ಲಿ ನಿಂತ ಹೊತ್ತನ್ನು ಕಳೆದರೆ ಮಕ್ಕಳು ನಿಜವಾಗಿ ಆಡಿದ್ದು ಮೂರೋ ನಾಲ್ಕೋ ಗಂಟೆ. ಹಾಗೆಂದು ನಾನು ಅದರ ವಿರೋಧಿಯಲ್ಲ. ಮಕ್ಕಳ ಸಂತೋಷಕ್ಕೂ ಬೆಲೆಯಿದೆ, ನಾವೂ ಹೋಗಿ ಬಂದಿದ್ದೇವೆ. ಆದರೆ ಉಳಿದ 44 ಗಂಟೆಗೆ ಕೈಯಲ್ಲಿ ಏನೂ ಉಳಿಯದಂತೆ ಹಣವನ್ನೆಲ್ಲ ಆ ಒಂದು ದಿನಕ್ಕೆ ಸುರಿಯುವುದು ತಪ್ಪು. ಹೋಗಲೇಬೇಕಿದ್ದರೆ ವಾರದ ನಡುವೆ ಹೋಗಿ. ಆನ್‌ಲೈನ್ ದರ ನೋಡಿಕೊಳ್ಳಿ, ಮನೆಯಲ್ಲೇ ಮಕ್ಕಳ ಎತ್ತರ ಅಳೆದುಕೊಂಡು ಹೊರಡಿ.

ಮೊದಲ ಖರ್ಚು ಆಟದ ಸಾಮಾನಿನ ಮೇಲಿರಲಿ. ಲಗೋರಿಗೆ ಬೇಕಾದದ್ದು ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು. ಕುಂಟೆಬಿಲ್ಲೆಗೆ ಒಂದು ಸೀಮೆಸುಣ್ಣ, ಒಂದು ಹೆಂಚಿನ ಚೂರು. ಹಗ್ಗದಾಟದ ಹಗ್ಗ, ಎರಡು ಷಟಲ್ ರಾಕೆಟ್, ಒಂದು ಡಬ್ಬ ಕಾಕ್ ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಬರುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಐದರ ನಂತರ ಬೀದಿಯ ಮಕ್ಕಳನ್ನು ಕೂಡಿಸಿ ಬಿಟ್ಟರೆ ಗಂಟೆಗಳು ತಾವಾಗಿ ತುಂಬುತ್ತವೆ. ಹನ್ನೊಂದರಿಂದ ನಾಲ್ಕರವರೆಗಿನ ಉರಿಬಿಸಿಲಿಗೆ ಚೌಕಾಬಾರ, ಅಳಗುಳಿಮಣೆ ಸಾಕು.

ಸೈಕಲ್ ವಿಷಯದಲ್ಲಿ ಒಂದು ಮಾತು. ಮಕ್ಕಳ ಸೈಕಲ್ ಚಕ್ರದ ಗಾತ್ರ 12, 14, 16, 20, 24 ಇಂಚು ಎಂದು ಏರುತ್ತ ಹೋಗುತ್ತದೆ, ಮಗು ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದು ನಿಜ. ಆದರೂ ಚಿಕ್ಕ ಗಾತ್ರದ ಸೈಕಲ್ಲನ್ನು ಹೊಸದಾಗಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಪರಿಚಯದ ಮನೆಗಳಲ್ಲಿ ತುಕ್ಕು ಹಿಡಿಯುತ್ತ ನಿಂತ ಸೈಕಲ್ ಒಂದಾದರೂ ಇರುತ್ತದೆ. ಅದನ್ನು ಕೇಳಿ ತನ್ನಿ, ಬ್ರೇಕ್ ಮತ್ತು ಟ್ಯೂಬ್ ಬದಲಿಸಿ, ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ ಕೊಳ್ಳಿ. ಹೆಲ್ಮೆಟ್ ಮಾತ್ರ ಹೊಸದೇ ಆಗಿರಲಿ.

ಇನ್ನು ಹೊರಗೆ ಹೋಗುವುದು. ಇಲ್ಲಿ ದುಡ್ಡು ಹೆಚ್ಚಾಗಿ ಹೋಗುವುದು ನೋಡುವ ಜಾಗಕ್ಕಲ್ಲ, ಬಾಡಿಗೆ ಕಾರಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ರಜೆಯ ಲೆಕ್ಕವೇ ಬದಲಾಯಿತು. ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನನ್ನ ಹೆಂಡತಿಗೆ, ಮಗಳಿಗೆ ಶೂನ್ಯ ಟಿಕೆಟ್. ಆರು ವರ್ಷದೊಳಗಿನ ಹುಡುಗರಿಗೂ ಟಿಕೆಟ್ ಇಲ್ಲ, ಆರರಿಂದ ಹನ್ನೆರಡಕ್ಕೆ ಅರ್ಧ. ಹೀಗಾಗಿ ನಾಲ್ವರು ಹೊರಟರೆ ಒಂದೂವರೆ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು, ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು ಎಂಬುದು ನೆನಪಿರಲಿ.

ಆ ಒಂದೂವರೆ ಟಿಕೆಟ್‌ನಲ್ಲಿ ಮೈಸೂರಿನಿಂದ ಶ್ರೀರಂಗಪಟ್ಟಣ ಮುಟ್ಟಬಹುದು. ದರಿಯಾ ದೌಲತ್ ಬಾಗ್‌ನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಕೋಟೆಯ ಗೋಡೆಯ ಬದಿಯಲ್ಲಿ ಓಡಲು, ಕರ್ನಲ್ ಬೇಲಿ ಹೆಸರಿನ ನೆಲಮಾಳಿಗೆಯ ಸೆರೆಮನೆಯಲ್ಲಿ ಕೂಗಿ ದನಿ ಕೇಳಲು ಯಾರೂ ಹಣ ಕೇಳುವುದಿಲ್ಲ. ಸೋಮನಾಥಪುರವೂ ಹಾಗೆಯೇ. ಹದಿಮೂರನೇ ಶತಮಾನದ ಅಲ್ಲಿನ ಕೇಶವ ದೇಗುಲ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜಗತ್ತಿನ ಮೂಲೆಮೂಲೆಯವರು ಬಂದು ನೋಡುವುದನ್ನು ನಮ್ಮ ಮಕ್ಕಳು ದಮ್ಮಡಿ ಕೊಡದೆ ನೋಡಬಹುದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳವು. ಬೆಳಿಗ್ಗೆ ಆರಕ್ಕೆ ಪಾದದಿಂದ ಹೊರಟರೆ ಏಳು ನೂರರ ಸುಮಾರಿಗೆ ಏಕಶಿಲೆಯ ನಂದಿ ಸಿಗುತ್ತದೆ. ಮಕ್ಕಳು ಎಣಿಸುತ್ತ, ಜಗಳವಾಡುತ್ತ, ಎಣಿಕೆ ತಪ್ಪಿಸಿಕೊಂಡು ಮತ್ತೆ ಶುರು ಮಾಡುತ್ತ ಹತ್ತುತ್ತಾರೆ. ದಾರಿಯಲ್ಲಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರು ಸಿಗುತ್ತಾರೆ, ಅವರನ್ನು ಮಕ್ಕಳು ನಿಂತು ನೋಡುತ್ತಾರೆ. ಮೇಲೆ ದರ್ಶನ, ಒಂದು ಲೋಟ ಮಜ್ಜಿಗೆ, ಇಳಿಯಲು ಸಿಟಿ ಬಸ್. ಇಡೀ ಬೆಳಗಿಗೆ ನೂರು ರೂಪಾಯಿಯೂ ಆಗುವುದಿಲ್ಲ, ಅಂದಿನ ಗಂಟೆ ಮಾತ್ರ ತುಂಬಿ ತುಳುಕಿರುತ್ತದೆ. 1892ರಲ್ಲಿ ಶುರುವಾದ ನಮ್ಮ ಮೃಗಾಲಯವೂ ಮೂಲತಃ ದೀರ್ಘ ನಡಿಗೆಯೇ. ಮೃಗಾಲಯ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ.

ರೈಲಿನಲ್ಲಿ ದೂರ ಹೋಗುವವರಿಗೆ ಎರಡು ನಿಯಮ ಮುಖ್ಯ. ಐದರಿಂದ ಹನ್ನೆರಡು ವರ್ಷದ ಮಗುವಿಗೆ ಪ್ರತ್ಯೇಕ ಬರ್ತ್ ಕೇಳಿದರೆ 2016ರಿಂದ ಪೂರ್ತಿ ದರ, ಬೇಡವೆಂದರೆ ಮಾತ್ರ ಅರ್ಧ. ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಹಾಗಾಗಿ ಮೇ ತಿಂಗಳ ಪ್ರಯಾಣದ ಹಣ ಮಾರ್ಚ್‌ನಲ್ಲೇ ಕೈಯಲ್ಲಿರಬೇಕು.

ಈಗ, ದುಡ್ಡು ಕೊಟ್ಟೇ ಕಲಿಸಬೇಕಾದ ವಿದ್ಯೆಗೆ ಬರುತ್ತೇನೆ: ಈಜು. ಪ್ರತಿ ಬೇಸಿಗೆಯಲ್ಲೂ ಕೆರೆಗೆ, ಕೃಷಿ ಹೊಂಡಕ್ಕೆ, ನಾಲೆಗೆ ಇಳಿದ ಮಕ್ಕಳು ಮರಳದ ಸುದ್ದಿಯನ್ನು ನಾವು ಓದುತ್ತೇವೆ. ಓದಿದಾಗಲೆಲ್ಲ ನನಗೆ ಆ ದಿನ ಅನ್ನ ಇಳಿಯುವುದಿಲ್ಲ. ಕಾವೇರಿ ತೀರದ ಸೀಮೆಯಲ್ಲಿ ಬದುಕುವ ನಾವು ಮಕ್ಕಳಿಗೆ ನೀರಿನ ಭಯವನ್ನಷ್ಟೇ ಕೊಟ್ಟು ನೀರಿನ ವಿದ್ಯೆಯನ್ನು ಕೊಡದಿರುವುದು ಸರಿಯಲ್ಲ. ಸರಸ್ವತಿಪುರಂನ ಮೈಸೂರು ವಿಶ್ವವಿದ್ಯಾಲಯದ ಈಜುಕೊಳದಲ್ಲಿ ನನ್ನ ಮಗಳು ಕಲಿತಳು. ಮೊದಲ ವಾರ ಅಂಚಿನ ಕಂಬಿ ಬಿಡದವಳು ರಜೆ ಮುಗಿಯುವಷ್ಟರಲ್ಲಿ ಅಗಲಕ್ಕೆ ದಾಟುತ್ತಿದ್ದಳು. ವಿಶ್ವವಿದ್ಯಾಲಯ, ಪಾಲಿಕೆ, ಕ್ರೀಡಾ ಇಲಾಖೆಯ ಕೊಳಗಳ ಶುಲ್ಕ ಖಾಸಗಿ ಕ್ಲಬ್ಬುಗಳಿಗಿಂತ ಬಹಳ ಕಡಿಮೆ. ಆದರೆ ಜಾಗ ಬೇಗ ತುಂಬುತ್ತದೆ, ಮಾರ್ಚ್‌ನಲ್ಲೇ ವಿಚಾರಿಸಿ. ಹಣ ಕಟ್ಟುವ ಮುನ್ನ ಜೀವರಕ್ಷಕರು ಕೊಳದ ಬಳಿಯೇ ಇರುತ್ತಾರೆಯೇ, ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು, ಆಳದ ಗುರುತು ಸ್ಪಷ್ಟವಾಗಿದೆಯೇ ಎಂಬುದನ್ನು ಹೋಗಿ ನೋಡಿ. ಕಲಿತ ಮೇಲೂ ನದಿಗೆ ಇಳಿಯಲು ಬಿಡಬೇಡಿ. ಕೊಳದ ನೀರು ಬೇರೆ, ಸುಳಿಯಿರುವ ಹರಿಯುವ ನೀರು ಬೇರೆ. ಇಷ್ಟೆಲ್ಲ ಎಚ್ಚರದೊಂದಿಗೆ, ರಜೆಯಲ್ಲಿ ಒಂದೇ ಒಂದು ಖರ್ಚಿಗೆ ಮಾತ್ರ ಅವಕಾಶವಿದ್ದರೆ ನಾನು ಈಜಿಗೇ ಕೊಡುತ್ತೇನೆ.

ಉಳಿದ ಶಿಬಿರಗಳ ಬಗ್ಗೆ ನನ್ನ ಉತ್ಸಾಹ ಕಡಿಮೆ. ಎಸಿ ಕೋಣೆಯಲ್ಲಿ ಕೂರಿಸಿ ಬಣ್ಣ ಹಚ್ಚಿಸುವುದಕ್ಕೆ ಸಾವಿರಾರು ರೂಪಾಯಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥದ್ದು ಬೇರೆ, ಅಲ್ಲಿ ಮಕ್ಕಳು ಮರದ ಕೆಳಗೆ ಹಾಡಿ, ಕುಣಿದು, ನಾಟಕ ಕಟ್ಟಿ ಬರುತ್ತಾರೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಈಗಿನ ಅರಿವು ಕೇಂದ್ರಗಳಲ್ಲಿ ವಿಚಾರಿಸಿ. ರಜೆಯಲ್ಲಿ ಮಕ್ಕಳ ಚಟುವಟಿಕೆ ನಡೆಸುವ ಕೇಂದ್ರಗಳು ಹಲವಿವೆ.

ಅಜ್ಜಿ ಮನೆ ಉಚಿತವೆಂದು ಬಗೆಯುವುದನ್ನು ಮಾತ್ರ ನಿಲ್ಲಿಸಬೇಕು. ಎರಡು ಮಕ್ಕಳು ಮೂರು ವಾರ ಇದ್ದರೆ ಹಾಲು, ಹಣ್ಣು, ಎಣ್ಣೆ, ಗ್ಯಾಸ್ ಎಲ್ಲ ಏರುತ್ತದೆ, ಆ ಮನೆ ಪಿಂಚಣಿಯ ಮೇಲೋ ಒಂದೆರಡು ಎಕರೆಯ ಮೇಲೋ ನಡೆಯುತ್ತಿರುತ್ತದೆ. ಅವರು ಬಾಯಿಬಿಟ್ಟು ಕೇಳುವುದಿಲ್ಲ. ನಾವು ರಜೆಯ ಬಜೆಟ್ಟಿನಲ್ಲಿ ಮೊದಲು ಬರೆಯುವ ಸಾಲೇ ಅದು. ಮಕ್ಕಳನ್ನು ಬಿಟ್ಟು ಬರುವ ದಿನವೇ ದಿನಸಿ ತುಂಬಿಸಿ, ಒಂದಷ್ಟು ಹಣವನ್ನು ಅತ್ತೆಯವರ ಕೈಗೇ ಕೊಟ್ಟು ಬರುತ್ತೇವೆ. ಪ್ರೀತಿಯಿಂದ ದುಡಿಯುವವರ ಮೇಲೆ ನಮ್ಮ ಖರ್ಚು ಹೊರಿಸಿ ಅದನ್ನು ಉಳಿತಾಯವೆಂದು ಬರೆದುಕೊಳ್ಳುವುದು ಸುಳ್ಳು ಲೆಕ್ಕ.

ಈಗ ಪ್ರವಾಸ ಮಾಡಿ ಆಮೇಲೆ ಕಂತು ಕಟ್ಟಿ ಎಂಬ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3ಕ್ಕೂ ಮೇಲ್ಪಟ್ಟು ಬಡ್ಡಿ ಬೀಳುವುದು ಸಾಮಾನ್ಯ, ವರ್ಷಕ್ಕೆ ಅದು ಶೇ 40ರ ಆಸುಪಾಸಿಗೆ ಹೋಗುತ್ತದೆ. ಮೇ ತಿಂಗಳ ಸಂತೋಷಕ್ಕೆ ದೀಪಾವಳಿಯವರೆಗೆ ಬಡ್ಡಿ ಕಟ್ಟುವ ಮನೆಗಳನ್ನು ಹತ್ತಿರದಿಂದ ಕಂಡಿದ್ದೇನೆ.

ಬದಲಿಗೆ ಬ್ಯಾಂಕಿನಲ್ಲಿ 12 ತಿಂಗಳ ಆರ್.ಡಿ. ಖಾತೆ ತೆರೆಯಿರಿ. ಅಂಚೆ ಕಚೇರಿಯ ಆರ್.ಡಿ. ಐದು ವರ್ಷದ್ದು, ಈ ಕೆಲಸಕ್ಕೆ ಅದು ಹೊಂದದು. ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ ವರ್ಷಕ್ಕೆ 12,000 ಅಸಲು. ಶೇ 6.5ರ ಬಡ್ಡಿಯಲ್ಲಿ ಮೇಲೆ 400 ರೂಪಾಯಿ ಚಿಲ್ಲರೆ ಬರುತ್ತದೆ. ಬಡ್ಡಿ ದೊಡ್ಡದಲ್ಲ, ಜೂನ್‌ನ ಶುಲ್ಕದ ಹಣಕ್ಕೆ ಕೈಹಾಕದೆ ಬದಿಗಿಟ್ಟ ರಜೆಯ ಹಣ ಏಪ್ರಿಲ್‌ನಲ್ಲಿ ಕೈಗೆ ಬರುತ್ತದೆ ಎಂಬುದು ದೊಡ್ಡದು. ಸಾವಿರ ಕಷ್ಟವಾದರೆ ಐನೂರರಿಂದ ಶುರು ಮಾಡಿ. ಈ ಬಾರಿಯ ರಜೆ ಶುರುವಾಗುತ್ತಿದ್ದಂತೆಯೇ ಒಂದು ದಿನ ಮಕ್ಕಳನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಮುಂದಿನ ರಜೆಯ ಮೊದಲ ಕಂತು ಕಟ್ಟಿ ಬನ್ನಿ.