ಒಂದು ಕಂಬಿಯ ರೈಲು

ಕಲಿಕಾ ಕೇಂದ್ರದಲ್ಲಿ ಎಲ್ಲರೂ ಬಂದು ಕುಳಿತಿದ್ದರು. ಗಂಗಮ್ಮ ಮಾತ್ರ ತಡವಾಗಿ ಬಂದಳು. ಚಾಪೆಯ ಮೇಲೆ ಕುಳಿತಳು. ಪುಸ್ತಕ ತೆರೆಯಲಿಲ್ಲ.

“ಯಾಕೆ ಗಂಗಮ್ಮ, ಸಪ್ಪಗಿದ್ದೀರಿ?” ಎಂದು ಸರೋಜಾ ಟೀಚರ್ ಕೇಳಿದರು.

“ಏನು ಹೇಳ್ಲಿ ಟೀಚರಮ್ಮ. ಚೆನ್ನೈಯಿಂದ ಬೆಂಗಳೂರಿಗೆ ಜೋರು ರೈಲು ಬರ್ತದಂತೆ. ನಮ್ಮ ಕೋಲಾರದ ಕಡೆಯಿಂದ್ಲೇ ಹೋಗ್ತದಂತೆ. ನನಗಿರೋದು ಎರಡೇ ಎಕರೆ. ರಾಗಿ ಅದ್ರಲ್ಲೇ, ಹಿಪ್ಪುನೇರಳೆ ಅದ್ರಲ್ಲೇ. ನಮ್ಮ ಭಾವ ಹೇಳ್ತಾರೆ, ‘ಹೆದರ್ಬೇಡ, ಈಗ ಒಂದೇ ಕಂಬಿ ರೈಲು ಐತೆ. ಅದು ಕಂಬದ ಮೇಲೆ ಹೋಗ್ತದೆ. ಅದಕ್ಕೆ ನೆಲಾನೇ ಬೇಡ. ಜೋರು ರೈಲಿನ ಬದಲು ಅದನ್ನೇ ಹಾಕಿದ್ರಾಯ್ತು’ ಅಂತ. ಇದು ನಿಜವಾ?”

“ಜೋರು ರೈಲಿನ ಮಾತು ಬಹಳ ವರ್ಷದಿಂದ ಇದೆ. ಯಾರ ಹೊಲದ ಮೇಲೆ ಹೋಗುತ್ತೆ ಅನ್ನೋದು ನಕ್ಷೆ ನೋಡಿದರೆ ತಿಳಿಯುತ್ತೆ. ನಿಮ್ಮ ಭಾವ ಹೇಳಿದ ಒಂದು ಕಂಬಿಯ ರೈಲಿನ ಕಥೆ ಇವತ್ತು ಓದೋಣ, ಬನ್ನಿ.”

ಮಾಮೂಲಿ ರೈಲು ಎರಡು ಕಂಬಿಯ ಮೇಲೆ ಓಡುತ್ತದೆ. ಒಂದೇ ಕಂಬಿಯ ಮೇಲೆ ಓಡುವ ರೈಲಿಗೆ ಮೋನೋರೈಲು ಎಂದು ಹೆಸರು. ‘ಮೋನೋ’ ಎಂದರೆ ಒಂದು. ಈಗಿನ ಮೋನೋರೈಲಿಗೆ ಸಾಮಾನ್ಯವಾಗಿ ಕಂಬಗಳ ಮೇಲೆ ಕಾಂಕ್ರೀಟಿನ ತೊಲೆ ಇರುತ್ತದೆ. ತೊಲೆಯ ಅಗಲ ಎರಡು ಮೊಳದೊಳಗೆ. ಕತ್ತೆಯ ಬೆನ್ನ ಮೇಲೆ ಹೇರಿದ ಗಂಟು ಎರಡೂ ಕಡೆ ಇಳಿಬೀಳುತ್ತದಲ್ಲ, ಹಾಗೆ ರೈಲು ತೊಲೆಯನ್ನು ಎರಡೂ ಕಡೆ ಅಪ್ಪಿಕೊಂಡು ಓಡುತ್ತದೆ. ಚಕ್ರ ರಬ್ಬರಿನದು.

ಇದು ಹೊಸ ವಿಷಯವಲ್ಲ. ನಮ್ಮ ದೇಶದಲ್ಲೇ ನೂರು ವರ್ಷಕ್ಕೂ ಹಿಂದೆ ಇಂಥ ರೈಲು ಊರಿಂದ ಊರಿಗೆ ಓಡಿತ್ತು. ಅದು ಪಂಜಾಬಿನ ಪಟಿಯಾಲಾ ಸಂಸ್ಥಾನದಲ್ಲಿ. ಶುರುವಾದದ್ದು 1907ರಲ್ಲಿ. ಆಗ ತೊಲೆ ಇರಲಿಲ್ಲ. ನೆಲದ ಮೇಲೆ ಒಂದೇ ಕಬ್ಬಿಣದ ಕಂಬಿ ಇತ್ತು. ಗಾಡಿಯ ಭಾರ ಹೆಚ್ಚು ಕಡಿಮೆ ಎಲ್ಲವೂ ಆ ಕಂಬಿಯ ಮೇಲೆ. ಬೀಳದಿರಲಿ ಎಂದು ಒಂದು ಪಕ್ಕದಲ್ಲಿ ದೊಡ್ಡ ಚಕ್ರ. ಅದು ರಸ್ತೆಯ ಮೇಲೆ ಉರುಳುತ್ತಿತ್ತು. ನಾವು ತಲೆಯ ಮೇಲೆ ಕೊಡ ಹೊತ್ತು ಒಂದು ಕೈಯಲ್ಲಿ ಹಿಡಿದುಕೊಂಡ ಹಾಗೆ. ಭಾರ ತಲೆಗೆ, ಕೈ ಬರೀ ಆಸರೆಗೆ. ಗಾಡಿಯನ್ನು ಹೇಸರಗತ್ತೆಗಳು ಎಳೆಯುತ್ತಿದ್ದವು.

“ಹೇಸರಗತ್ತೆ ಎಳೆದ್ರೆ ಅದೆಂಥ ರೈಲು ಟೀಚರಮ್ಮ!” ಎಂದು ನಾಗವೇಣಿ ನಕ್ಕಳು.

ಉಗಿ ಎಂಜಿನ್ನೂ ಇತ್ತು. ಆದರೆ ರಸ್ತೆಗಳು ಸುಧಾರಿಸಿದವು, ಮೋಟಾರು ಗಾಡಿಗಳು ಬಂದವು. 1927ರಲ್ಲಿ ಆ ರೈಲನ್ನು ಮುಚ್ಚಿದರು. ಅದರ ಒಂದು ಎಂಜಿನ್ ಈಗಲೂ ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ.

ಈಗ ಜಪಾನ್ ದೇಶಕ್ಕೆ ಹೋಗೋಣ. 1964ರಲ್ಲಿ ಅಲ್ಲಿನ ಟೋಕಿಯೋ ನಗರದಲ್ಲಿ ಎರಡು ರೈಲು ಶುರುವಾದವು. ಎರಡಕ್ಕೂ ನಡುವೆ ಎರಡೇ ವಾರ. ಸೆಪ್ಟೆಂಬರ್ 17ರಂದು ಮೋನೋರೈಲು ಬಂತು. ಅದು ವಿಮಾನ ನಿಲ್ದಾಣದಿಂದ ಪೇಟೆಗೆ, ಸುಮಾರು 13 ಕಿಲೋಮೀಟರ್. ಅಕ್ಟೋಬರ್ 1ರಂದು ಎರಡು ಕಂಬಿಯ ಜೋರು ರೈಲು ಬಂತು. ಅದು ಟೋಕಿಯೋದಿಂದ ಒಸಾಕಾ ನಗರಕ್ಕೆ, 515 ಕಿಲೋಮೀಟರ್. ಗಂಟೆಗೆ 210 ಕಿಲೋಮೀಟರ್ ವೇಗ. ಎರಡೂ ಈಗಲೂ ಓಡುತ್ತಿವೆ. ಮೋನೋರೈಲು ಪೇಟೆಯೊಳಗೇ ಉಳಿಯಿತು. ದೂರದ ಊರಿಗೆ ಎರಡು ಕಂಬಿಯ ರೈಲೇ ಹೋಯಿತು.

“ಯಾಕೆ ಹಂಗೆ? ಒಂದು ಕಂಬಿ ಹಾಕಿದ್ರೆ ಖರ್ಚೂ ಅರ್ಧ ಅಲ್ವಾ?” ಎಂದಳು ಗಂಗಮ್ಮ.

ಫ್ರಾನ್ಸ್ ದೇಶದ ಒಬ್ಬ ಎಂಜಿನಿಯರಿಗೂ ಒಂದು ತೊಲೆಯೇ ಸಾಕು ಎನ್ನಿಸಿತ್ತು. ಅವರ ಹೆಸರು ಜಾನ್ ಬರ್ತಾಂ. ಊರಿಂದ ಊರಿಗೆ ಒಂದೇ ತೊಲೆಯ ಮೇಲೆ ಜೋರಾಗಿ ಹೋಗುವ ರೈಲನ್ನು ಅವರು ಮಾಡಿದರು. ಅದಕ್ಕೆ ಚಕ್ರದ ಮೇಲೆ ಭಾರವಿಲ್ಲ. ಕೆಳಗಡೆ ಗಾಳಿ ಊದುತ್ತದೆ. ಗಾಳಿಯ ದಿಂಬಿನ ಮೇಲೆ ಗಾಡಿ ತೇಲುತ್ತದೆ. ಓರ್ಲಿಯಾಂ ಎಂಬ ಊರಿನ ಹತ್ತಿರ ಹೊಲಗಳ ನಡುವೆ ಕಂಬ ನೆಟ್ಟು, 18 ಕಿಲೋಮೀಟರ್ ಉದ್ದದ ತೊಲೆ ಹಾಕಿದರು. 1974ರ ಮಾರ್ಚ್ ತಿಂಗಳಲ್ಲಿ ಆ ಗಾಡಿ ಗಂಟೆಗೆ 430 ಕಿಲೋಮೀಟರ್ ವೇಗದಲ್ಲಿ ಓಡಿತು. ಜಪಾನಿನ ಜೋರು ರೈಲಿನ ಎರಡರಷ್ಟು!

ಆದರೂ ಸರ್ಕಾರ ಅದನ್ನು ಕೈಬಿಟ್ಟಿತು. ಆಗ ಎಣ್ಣೆಯ ಬೆಲೆ ಏರಿತ್ತು. ಈ ಗಾಡಿ ಎಣ್ಣೆ ಕುಡಿಯುತ್ತಿತ್ತು, ಸದ್ದೂ ಬಹಳ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಈ ಗಾಡಿ ತನ್ನ ತೊಲೆ ಬಿಟ್ಟು ಬೇರೆಲ್ಲೂ ಹೋಗಲಾರದು. ಪೇಟೆಯ ಮಧ್ಯದವರೆಗೂ ಹೊಸ ತೊಲೆಯನ್ನೇ ಹಾಕಬೇಕು. ಮನೆ, ಅಂಗಡಿ ಕೆಡವಬೇಕು. ಎರಡು ಕಂಬಿಯ ಜೋರು ರೈಲಾದರೆ ಊರ ಹೊರಗೆ ಹೊಸ ಕಂಬಿಯಲ್ಲಿ ಓಡಿ, ಊರೊಳಗೆ ಹಳೇ ಕಂಬಿಯಲ್ಲಿ ಹಳೇ ನಿಲ್ದಾಣಕ್ಕೇ ಬರಬಹುದು. 1981ರಲ್ಲಿ ಪ್ಯಾರಿಸ್ ಮತ್ತು ಲಿಯಾಂ ನಗರಗಳ ನಡುವೆ ಅಂಥ ರೈಲನ್ನೇ ಓಡಿಸಿದರು.

ಬರ್ತಾಂ 1975ರಲ್ಲೇ ತೀರಿಕೊಂಡಿದ್ದರು. ಅವರು ಹಾಕಿಸಿದ ತೊಲೆ ಮಾತ್ರ ಬಹುಪಾಲು ಇನ್ನೂ ನಿಂತಿದೆ. ಹೊಲದ ಮಧ್ಯೆ ಕಂಬ, ಕಂಬದ ಮೇಲೆ ತೊಲೆ. ಅದರ ಮೇಲೆ ಯಾವ ರೈಲೂ ಇಲ್ಲ. ರೈತರು ಆಚೆ ಈಚೆ ಬೇಸಾಯ ಮಾಡಿಕೊಂಡಿದ್ದಾರೆ.

“ಅಯ್ಯೋ! ರೈಲು ಹೋದ್ರೂ ಕಂಬ ಹೋಗ್ಲಿಲ್ವಾ?” ಎಂದಳು ಗಂಗಮ್ಮ.

ಕಂಬಿ ಬದಲಿಸುವ ಮಾತನ್ನು ಇನ್ನೂ ಸ್ವಲ್ಪ ನೋಡೋಣ. ನೀವೆಲ್ಲ ಬಂಗಾರಪೇಟೆ ನಿಲ್ದಾಣ ನೋಡಿದ್ದೀರಿ. ಅಲ್ಲಿಂದ ಒಂದು ದಾರಿ ಬೆಂಗಳೂರಿಗೆ, ಒಂದು ಚೆನ್ನೈಗೆ, ಒಂದು ಕೋಲಾರಕ್ಕೆ, ಒಂದು ಮಾರಿಕುಪ್ಪಕ್ಕೆ. ಎರಡು ಕಂಬಿ ಸೇರುವ ಕಡೆ ಕಂಬಿಯ ಚೂಪಾದ ತುದಿ ಸ್ವಲ್ಪವೇ ಸರಿಯುತ್ತದೆ. ಒಂದು ಗೇಣೂ ಇಲ್ಲ. ಅಷ್ಟರಲ್ಲೇ ರೈಲಿನ ದಾರಿ ಬದಲಾಗುತ್ತದೆ. ಮೋನೋರೈಲಿನಲ್ಲಿ ಹಾಗಲ್ಲ. ಇಡೀ ತೊಲೆಯನ್ನೇ ಆ ಕಡೆಯಿಂದ ಈ ಕಡೆಗೆ ಸರಿಸಬೇಕು. ಮಾಡಬಹುದು, ಮಾಡುತ್ತಾರೆ. ಆದರೆ ಕಷ್ಟ, ನಿಧಾನ, ಖರ್ಚು ಹೆಚ್ಚು. ನಾಲ್ಕು ದಾರಿ ಕೂಡುವ ಊರಿಗೆ ಅದು ಒಗ್ಗುವುದಿಲ್ಲ.

ಇನ್ನು ಭಾರದ ಮಾತು. ಮುಂಬಯಿಯಲ್ಲಿ 2014ರಲ್ಲಿ ಮೋನೋರೈಲು ಶುರುವಾಯಿತು. ಆಮೇಲೆ ದಾರಿಯನ್ನು ಸುಮಾರು 20 ಕಿಲೋಮೀಟರಿಗೆ ಬೆಳೆಸಿದರು. 2025ರ ಆಗಸ್ಟ್ 19ರಂದು ಅಲ್ಲಿ ಭಾರಿ ಮಳೆ. ಬೇರೆ ರೈಲುಗಳು ನಿಂತವು. ಜನರೆಲ್ಲ ಮೋನೋರೈಲಿಗೆ ನುಗ್ಗಿದರು. ತಡೆಯುವಷ್ಟಕ್ಕಿಂತ ಭಾರ ಹೆಚ್ಚಾಯಿತು. ಕರೆಂಟು ತಪ್ಪಿತು. ಚೆಂಬೂರಿನ ಹತ್ತಿರ, ಮೈಸೂರು ಕಾಲೋನಿ ಎಂಬಲ್ಲಿ, ರೈಲು ತೊಲೆಯ ಮೇಲೇ ನಿಂತುಬಿಟ್ಟಿತು. ಒಳಗೆ ಐನೂರಕ್ಕೂ ಹೆಚ್ಚು ಜನ. ಗಾಳಿ ಇಲ್ಲ. ಇಳಿದು ನಡೆಯೋಣ ಎಂದರೆ ಪಕ್ಕದಲ್ಲಿ ಕಾಲುದಾರಿಯೂ ಇಲ್ಲ. ಅಗ್ನಿಶಾಮಕ ದಳದವರು ಏಣಿ ಹಾಕಿ ಒಬ್ಬೊಬ್ಬರನ್ನೇ ಇಳಿಸಿದರು. ಮುಂದಿನ ತಿಂಗಳು ಆ ರೈಲನ್ನು ಸುಧಾರಣೆಗೆಂದು ನಿಲ್ಲಿಸಿದರು.

ಒಂದು ತೊಲೆಯ ರೈಲು ವೇಗವಾಗಿ ಹೋಗಲಾರದು ಎಂದಲ್ಲ. ಚೀನಾ ದೇಶದ ಶಾಂಘೈ ನಗರದಲ್ಲಿ ಅಯಸ್ಕಾಂತದ ಬಲದಿಂದ ತೇಲುವ ರೈಲು ಇದೆ. ಅದು ಗಂಟೆಗೆ 430 ಕಿಲೋಮೀಟರ್ ವೇಗದಲ್ಲಿ ಜನರನ್ನು ಹೊತ್ತು ಓಡಿದೆ. ಆದರೆ ಅದರ ದಾರಿ 30 ಕಿಲೋಮೀಟರ್ ಮಾತ್ರ. ಅದೇ ಚೀನಾದಲ್ಲಿ ಎರಡು ಕಂಬಿಯ ಜೋರು ರೈಲಿನ ದಾರಿ 40,000 ಕಿಲೋಮೀಟರಿಗೂ ಹೆಚ್ಚು ಇದೆ.

“ಅಲ್ಲಾ ಟೀಚರಮ್ಮ, ನನ್ನ ಹೊಲದ ಮಾತು ಏನಾಯ್ತು? ಕಂಬದ ಮೇಲೆ ಹೋದ್ರೆ ನೆಲ ಉಳೀತದಾ?”

“ಅಲ್ಲಿಗೇ ಬಂದೆ. ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಕಂಬದ ಮೇಲೆ ಹೋದರೆ ನೆಲ ಕಡಿಮೆ ಸಾಕು. ಆದರೆ ಕಂಬದ ಮೇಲೆ ಹೋಗೋದು ಮೋನೋರೈಲು ಒಂದೇ ಅಲ್ಲ. ಮುಂಬಯಿ ಮತ್ತು ಅಹಮದಾಬಾದ್ ನಡುವೆ ಎರಡು ಕಂಬಿಯ ಜೋರು ರೈಲಿಗೆ 2017ರಲ್ಲಿ ಅಡಿಗಲ್ಲು ಹಾಕಿದರು. ಅದರ ದಾರಿ ಬಹುಪಾಲು ಕಂಬದ ಮೇಲೇ ಇದೆ. ಆದರೂ ಕಂಬದ ಸಾಲಿನ ಕೆಳಗಿನ ಪಟ್ಟಿ ಜಮೀನನ್ನು ಕೊಂಡರು. ನೆಲಾನೇ ಬೇಡ ಅನ್ನೋ ರೈಲು ಯಾವುದೂ ಇಲ್ಲ ಗಂಗಮ್ಮ.”

ಸರೋಜಾ ಟೀಚರ್ ಹಲಗೆಯ ಮೇಲೆ ಬರೆದರು: 508 ಕಿಲೋಮೀಟರ್, 12 ನಿಲ್ದಾಣ.

“ಇದು ಆ ಮುಂಬಯಿ ರೈಲಿನ ಲೆಕ್ಕ. ಹನ್ನೆರಡು ನಿಲ್ದಾಣ ಅಂದರೆ ನಡುವೆ ಹನ್ನೊಂದು ಅಂತರ. ಭಾಗಿಸಿ ನೋಡಿ.”

ಸ್ಲೇಟುಗಳು ಸದ್ದು ಮಾಡಿದವು. ನಾಗವೇಣಿ ಮೊದಲು ಹೇಳಿದಳು. “ನಲವತ್ತಾರು. ಎರಡು ಉಳೀತು.”

“ಸರಿ. ಸುಮಾರು 46 ಕಿಲೋಮೀಟರಿಗೆ ಒಂದು ನಿಲ್ದಾಣ. ಹೆಜ್ಜೆಗೊಂದು ಕಡೆ ನಿಂತರೆ ಅದು ಜೋರು ರೈಲೇ ಅಲ್ಲ.”

ನಾಗವೇಣಿ ಸುಮ್ಮನಾದಳು. ಅವಳ ಮಗಳು ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಾಳೆ. “ಹಂಗಾದ್ರೆ ನಮ್ಮ ಹಳೇ ರೈಲು ಇರ್ತದಾ? ಅದನ್ನ ಕೇಳ್ಬೇಕು” ಎಂದಳು.

ಮುಂದಿನ ವಾರ ಗ್ರಾಮಸಭೆ ಇತ್ತು. ಗಂಗಮ್ಮ ಪುಸ್ತಕ ತೆರೆದಳು. ಹಿಂದಿನ ಖಾಲಿ ಹಾಳೆಯಲ್ಲಿ ನಿಧಾನವಾಗಿ ಬರೆದಳು.

ನಕ್ಷೆ ತೋರಿಸಿ.
ಕಂಬದ ಕೆಳಗಿನ ನೆಲ ಯಾರದು?
ಹಳೇ ರೈಲು ಇರುತ್ತಾ?

ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು.

“ಟೀಚರಮ್ಮ, ‘ನಿಲ್ದಾಣ ಎಲ್ಲಿ’ ಅಂತ ಬರೀಬೇಕು. ‘ಲ’ಕ್ಕೆ ‘ದ’ ಒತ್ತು ಹೆಂಗೆ ಕೊಡೋದು? ಒಂದ್ಸಲ ತೋರ್ಸಿ.”