ಅಂದಿನ ಲೆಕ್ಕ ಅಂದಿಗೆ, ಕೊಡಬೇಕಾದದ್ದು ಕಾಲಕ್ಕೆ

ವ್ಯಾಪಾರದ ಏಳುಬೀಳುಗಳಿಗೆ ಮಾರುಕಟ್ಟೆಯ ಸ್ಥಿತಿ, ಸರಕಾರದ ನೀತಿ, ಸ್ಪರ್ಧೆ ಮುಂತಾದವನ್ನು ಕಾರಣವಾಗಿ ಹೇಳುವುದು ವಾಡಿಕೆ. ಇವೆಲ್ಲ ನಿಜವಾದ ಕಾರಣಗಳೇ ಆದರೂ ಬಹುಮಟ್ಟಿಗೆ ವ್ಯಾಪಾರಸ್ಥನ ಕೈಮೀರಿದವು. ಅವನ ಕೈಯಲ್ಲೇ ಇರುವ ಸಂಗತಿಗಳು ಬೇರೆ ಇವೆ. ದಿನದ ಲೆಕ್ಕವನ್ನು ದಿನದಲ್ಲೇ ಮುಗಿಸುವುದು, ಕೊಡಬೇಕಾದ ಹಣವನ್ನು ಹೇಳಿದ ದಿನ ಕೊಡುವುದು, ಗಳಿಕೆಯ ಒಂದಂಶವನ್ನು ಸಮಾಜಕ್ಕೆ ಮೀಸಲಿಡುವುದು, ಹೊಸದನ್ನು ಕಲಿಯುತ್ತಿರುವುದು ಇವೇ ಆ ಸಂಗತಿಗಳು. ನೋಡಲು ಸಣ್ಣವಾದರೂ ಒಂದು ಸಂಸ್ಥೆಯ ಆಯುಷ್ಯವನ್ನು ನಿರ್ಧರಿಸುವ ಶಕ್ತಿ ಇವುಗಳಿಗಿದೆ.

ದಿನಚರಿಯ ಶಿಸ್ತು

ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್ ನಗರದಲ್ಲಿ ಪ್ರಕಟಿಸಿದ ಗ್ರಂಥದ ಒಂದು ಭಾಗದಲ್ಲಿ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದನು. ವ್ಯಾಪಾರಿಗೆ ಮೂರು ಪುಸ್ತಕಗಳು ಬೇಕೆಂದು ಅವನು ಹೇಳಿದನು. ವ್ಯವಹಾರ ನಡೆದ ಕೂಡಲೇ ಬರೆದಿಡುವ ಟಿಪ್ಪಣಿ ಪುಸ್ತಕ, ಅದನ್ನು ಕ್ರಮಪಡಿಸುವ ದಿನವಹಿ ಹಾಗೂ ಖಾತೆವಾರು ವಿಂಗಡಿಸುವ ಖಾತೆ ಪುಸ್ತಕ. ನಮ್ಮ ಪೇಟೆಗಳಲ್ಲಿ ಕಿರ್ದಿ ಬರೆದು, ಖಾತೆಗೆ ಏರಿಸಿ, ಸಂಜೆ ಶಿಲ್ಕು ಎಣಿಸಿದ ಮೇಲೆಯೇ ಬಾಗಿಲು ಹಾಕುತ್ತಿದ್ದ ಹಿರಿಯ ವರ್ತಕರ ರೂಢಿಯೂ ಇದೇ ತತ್ತ್ವದ್ದು.

ಇಂದು ಕಿರ್ದಿಯ ಸ್ಥಾನವನ್ನು ಗಣಕಯಂತ್ರ ಆಕ್ರಮಿಸಿದೆ. ಆದರೆ ಯಂತ್ರವು ತಾನಾಗಿಯೇ ಶಿಸ್ತನ್ನು ತಂದುಕೊಡುವುದಿಲ್ಲ. ವಾರದ ಚೀಟಿಗಳನ್ನು ಡ್ರಾಯರಿನಲ್ಲಿ ತುಂಬಿಟ್ಟು ಶನಿವಾರ ಒಟ್ಟಿಗೆ ನಮೂದಿಸುವ ಕಡೆ, ಮಂಗಳವಾರದ ವ್ಯತ್ಯಾಸಕ್ಕೆ ಕಾರಣ ಹೇಳುವವರು ಯಾರೂ ಇರುವುದಿಲ್ಲ. ಅಂದೇ ನೋಡಿದರೆ ಐದು ನಿಮಿಷದಲ್ಲಿ ಸಿಗುವ ತಪ್ಪು, ತಿಂಗಳ ಬಳಿಕ ಒಂದು ದಿನವನ್ನು ನುಂಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಗುಮಾಸ್ತರ ಮೇಲೆ ವೃಥಾ ಸಂಶಯ ಹುಟ್ಟುತ್ತದೆ. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆ ಲೆಕ್ಕದ ಮನೆಗೂ ಅನ್ವಯಿಸುತ್ತದೆ.

ದಿನದಿನದ ಸಣ್ಣ ಕ್ರಿಯೆಯ ಶಕ್ತಿಗೆ ಕರ್ನಾಟಕದಲ್ಲೇ ಉಜ್ವಲ ಉದಾಹರಣೆಯಿದೆ. ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಪ್ರತಿನಿಧಿಗಳು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಹನಿಹನಿಗೂಡಿದರೆ ಹಳ್ಳ ಎಂಬುದನ್ನು ಆ ಯೋಜನೆ ರೂಪಾಯಿ ಆಣೆಗಳಲ್ಲಿ ತೋರಿಸಿಕೊಟ್ಟಿತು.

ಬಾಕಿ ಎಂಬ ಭಾರ

ಒಳ್ಳೆಯ ಅಭ್ಯಾಸಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಸಣ್ಣ ಪೂರೈಕೆದಾರರಿಗೆ ಸಕಾಲದಲ್ಲಿ ಹಣ ಪಾವತಿಸುವುದು. ದೊಡ್ಡವರಿಂದ ತಮಗೆ ಬರಬೇಕಾದ ಹಣ ತಡವಾದಾಗ ನೊಂದುಕೊಳ್ಳುವವರೇ, ತಮಗಿಂತ ಚಿಕ್ಕವರನ್ನು ಅದೇ ರೀತಿ ಕಾಯಿಸುವುದುಂಟು.

ಒಂದು ಲೆಕ್ಕವನ್ನು ನೋಡಬಹುದು. ಚಿಕ್ಕ ಕಾರ್ಯಾಗಾರದ ಮಾಲೀಕನೊಬ್ಬನು 2,00,000 ರೂಪಾಯಿ ಬೆಲೆಯ ಬಿಡಿಭಾಗಗಳನ್ನು ಪೂರೈಸಿದನೆಂದು ಭಾವಿಸೋಣ. ಅವನಿಗೆ ಉಳಿಯುವ ಲಾಭ ಶೇ. 6, ಅಂದರೆ 12,000 ರೂಪಾಯಿ. ಒಪ್ಪಿದ ಗಡುವಿನ ಮೇಲೆ ಆರು ತಿಂಗಳು ಹಣ ಬರಲಿಲ್ಲ. ಕೂಲಿ, ಬಾಡಿಗೆ, ಕಚ್ಚಾಮಾಲು ಯಾವುದೂ ಕಾಯುವುದಿಲ್ಲವಾದ್ದರಿಂದ ಅವನು ಅಷ್ಟೇ ಮೊತ್ತವನ್ನು ವಾರ್ಷಿಕ ಶೇ. 12ರ ದರದಲ್ಲಿ ಸಾಲ ತರುತ್ತಾನೆ. ಆರು ತಿಂಗಳ ಬಡ್ಡಿ 12,000 ರೂಪಾಯಿ. ಅವನ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಆ ಮಾಲಿನ ಮೇಲೆ ಶೇ. 18 ಜಿಎಸ್‌ಟಿ ಇದ್ದರೆ ತೆರಿಗೆಯೇ 36,000 ರೂಪಾಯಿ. ಪ್ರತಿ ತಿಂಗಳು ಲೆಕ್ಕಪತ್ರ ಸಲ್ಲಿಸುವ ನೋಂದಾಯಿತನು, ತನ್ನ ಖರೀದಿಯ ತೆರಿಗೆ ಜಮೆಯನ್ನು ಕಳೆದು ಉಳಿದುದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಕೈಗೆ ಬಾರದ ಹಣಕ್ಕೆ ಕೈಯಿಂದ ತೆರಿಗೆ ಕಟ್ಟಿದಂತಾಯಿತು.

ಕಾನೂನು ಈ ಸಂಕಟವನ್ನು ಗುರುತಿಸಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದಲ್ಲಿ ಹೆಚ್ಚೆಂದರೆ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ ಬಡ್ಡಿ ತೆರಬೇಕು. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ, ಮೇಲಿನ ಉದಾಹರಣೆಯಲ್ಲಿ ಆರು ತಿಂಗಳಿಗೆ ಈ ಬಡ್ಡಿ ಸುಮಾರು 18,690 ರೂಪಾಯಿ ಆಗುತ್ತದೆ. ಇದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ. 2023ರ ಹಣಕಾಸು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಡುವು ಮೀರಿದ ಇಂತಹ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದೆಂಬ ನಿಯಮವನ್ನು 2024-25ರ ಕರನಿರ್ಧಾರಣ ವರ್ಷದಿಂದ ತಂದಿತು. ಜಿಎಸ್‌ಟಿ ಕಾನೂನಿನಲ್ಲಿಯೂ, ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದ ಖರೀದಿದಾರನು ತಾನು ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಅದನ್ನು ಮತ್ತೆ ಪಡೆಯಬಹುದು.

ಪೂರೈಕೆದಾರನ ಕರ್ತವ್ಯವೂ ಇಲ್ಲಿದೆ. ಉದ್ಯಮ್ ನೋಂದಣಿ ಮಾಡಿಸಿ ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು, ಮಾಲು ತಲುಪಿದ ದಿನಕ್ಕೆ ಸಹಿ ಪಡೆಯುವುದು, ಗಡುವನ್ನು ಬರವಣಿಗೆಯಲ್ಲಿ ಇಡುವುದು ಅವನ ಅಭ್ಯಾಸವಾಗಬೇಕು. ಸಂಕೋಚದಿಂದ ಕೇಳದೆ ಉಳಿದ ಹಣ ಕ್ರಮೇಣ ಬಾರದ ಹಣವಾಗುತ್ತದೆ.

ದಾನಕ್ಕೆ ಮೊದಲು ಋಣ

ಊರ ಉತ್ಸವಕ್ಕೆ ದೊಡ್ಡ ದೇಣಿಗೆ ಬರೆಸಿ, ಅದೇ ತಿಂಗಳು ಪ್ಯಾಕಿಂಗ್ ಡಬ್ಬ ಮಾಡಿಕೊಡುವವನ ಬಿಲ್ಲನ್ನು ಮುಂದೂಡುವ ವರ್ತಕನು ಯಾರ ಹಣವನ್ನು ದಾನ ಮಾಡಿದಂತಾಯಿತು? ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮನವರ ಕಥೆ ಇಲ್ಲಿ ಸ್ಮರಣೀಯ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ದಾಸೋಹ ನಡೆಯಬೇಕಾದದ್ದು ಸಲ್ಲುವ ಗಳಿಕೆಯಿಂದ ಮಾತ್ರ ಎಂಬುದೇ ಅದರ ಸಾರ. ಋಣ ತೀರಿಸಿದ ಮೇಲೆ ಉಳಿಯುವುದೇ ಸ್ವಂತದ್ದು. ದಾನವು ಅದರಿಂದಲೇ ಹೊರಡಬೇಕು.

ಹಾಗೆಂದು ದಾನ ಹಿಂದೆ ಬೀಳಬಾರದು. ಬೆಂಗಳೂರು ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಬಂದುಹೋಗುವ ಪ್ರಯಾಣಿಕರಿಗೆ ತಂಗಲು ನೆರಳಾಯಿತು. 1906ರಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಅವರ ಹೆಸರು ಆ ಊರಿನ ಆಸ್ಪತ್ರೆಯೊಂದರಲ್ಲಿ ಉಳಿದಿದೆ. ಇಬ್ಬರೂ ವರ್ತಕರೇ ಎಂಬುದು ಗಮನಾರ್ಹ. ಛತ್ರವಾಗಲಿ ಆಸ್ಪತ್ರೆಯಾಗಲಿ ಕೊಟ್ಟವರ ಕಾಲದ ನಂತರವೂ ಜನರ ಉಪಯೋಗಕ್ಕೆ ಬರುವಂಥದ್ದು.

ಕೊಡುವುದಕ್ಕೂ ಕ್ರಮ ಬೇಕು. ವರ್ಷಾರಂಭದಲ್ಲೇ ಲಾಭದ ಇಂತಿಷ್ಟು ಭಾಗವೆಂದು ನಿಶ್ಚಯಿಸಿದರೆ ಮುಲಾಜಿಗೆ ಕೊಡುವುದು ತಪ್ಪುತ್ತದೆ, ನಿಜವಾದ ಅಗತ್ಯಕ್ಕೆ ಹಣ ಉಳಿಯುತ್ತದೆ. ಪಡೆಯುವ ಸಂಸ್ಥೆಯ ಲೆಕ್ಕಪತ್ರ ಕೇಳುವುದು ಅವಿಶ್ವಾಸವೆನಿಸುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗೆ ದೇಣಿಗೆಯ ಕಡಿತ ದೊರೆಯುವುದಿಲ್ಲವಾದ್ದರಿಂದ, ತೆರಿಗೆ ಉಳಿಸಲೆಂದೇ ಕೊಡುತ್ತಿದ್ದವರು ತಮ್ಮ ಉದ್ದೇಶವನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು. ಹಣವಲ್ಲದ ಔದಾರ್ಯವೂ ಉಂಟು. ಕಿರಿಯ ಗುಮಾಸ್ತನಿಗೆ ಲೆಕ್ಕದ ಮರ್ಮ ಕಲಿಸುವುದು, ಹೊಸ ಉದ್ದಿಮೆದಾರನಿಗೆ ಮೊದಲ ಬೇಡಿಕೆ ಕೊಡುವುದು ಈ ಬಗೆಯವು.

ಕಲಿಕೆಗೆ ಕೊನೆಯಿಲ್ಲ

1861ರಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥ ಪ್ರಕಟಿಸಿದ್ದು 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ. ತಮ್ಮ ವೃತ್ತಿಜೀವನದ ನೆನಪುಗಳನ್ನು ಹೊರತಂದದ್ದು 1951ರಲ್ಲಿ. ವಯಸ್ಸಾಯಿತೆಂದು ಹೊಸ ತಂತ್ರಾಂಶವನ್ನಾಗಲಿ ಹೊಸ ಕಾನೂನನ್ನಾಗಲಿ ಮಕ್ಕಳಿಗೋ ಗುಮಾಸ್ತರಿಗೋ ಪೂರ್ತಿ ಬಿಟ್ಟುಕೊಡುವವರು ಈ ನಿದರ್ಶನವನ್ನು ನೆನೆಯಬಹುದು. ದಿನಕ್ಕೆ ಅರ್ಧ ಗಂಟೆಯ ಓದು ಸಾಕು, ಅದು ತಪ್ಪದಿರಬೇಕು.

ಪ್ರತಿ ತಿಂಗಳ ಕೊನೆಯಲ್ಲಿ ಪ್ರತಿಯೊಬ್ಬ ವ್ಯಾಪಾರಸ್ಥನೂ ಕೆಳಗಿನ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡು ಉತ್ತರವನ್ನು ಬರೆದಿಡುವುದು ಉಪಯುಕ್ತ:

1. ನಗದು ಶಿಲ್ಕು ಮತ್ತು ಪುಸ್ತಕದ ಶಿಲ್ಕು ಎಷ್ಟು ದಿನ ತಾಳೆಯಾದವು?
2. ಬ್ಯಾಂಕಿನ ಲೆಕ್ಕ ಕೊನೆಯ ದಿನಾಂಕದವರೆಗೆ ತಾಳೆಯಾಗಿದೆಯೇ?
3. ಗಡುವು ಮೀರಿದ ಸಣ್ಣ ಪೂರೈಕೆದಾರರು ಎಷ್ಟು ಮಂದಿ, ಅವರಿಗೆ ಎಂದು ಪಾವತಿ?
4. ಮೀಸಲಿಟ್ಟ ದಾನದ ಮೊತ್ತದಲ್ಲಿ ಎಷ್ಟು, ಯಾರಿಗೆ ಸಂದಿತು?
5. ಈ ತಿಂಗಳು ಕಲಿತ ಹೊಸ ವಿಷಯ ಯಾವುದು?

ಲೆಕ್ಕಪರಿಶೋಧನೆ ವರ್ಷಕ್ಕೊಮ್ಮೆ ಇತರರಿಂದ ನಡೆಯುವಂಥದ್ದು. ಆತ್ಮಪರಿಶೋಧನೆಯನ್ನು ಬೇರೆಯವರು ಮಾಡಿಕೊಡಲಾರರು. ಮೊದಲ ತಿಂಗಳಲ್ಲಿ ಐದಕ್ಕೂ ಸಮಾಧಾನಕರ ಉತ್ತರ ದೊರೆಯದಿದ್ದರೆ ಕಳವಳ ಬೇಡ. ಮೂರನೆಯ ಪ್ರಶ್ನೆಯಿಂದಲೇ ಆರಂಭಿಸಿದರೂ ಸಾಕು. ಅಂದು ಕೊಟ್ಟ ಒಂದು ಚೆಕ್ಕು ಯಾವುದೋ ಚಿಕ್ಕ ಕಾರ್ಯಾಗಾರದ ವಾರದ ಬಟವಾಡೆಗೆ ಆಧಾರವಾಗುತ್ತದೆ.